ಸೊಸೆ ಬಡಿದ ಕಡಾಣಿ

ಮಸ್ಕಿಯ ಯಮನೂರಪ್ಪನ ಮನೆತನದವರು ಮೂರು ತಲೆಮಾರಿನಿಂದ ಬಂಡಿ ಕಟ್ಟುತ್ತಿದ್ದರು, ಕಟ್ಟಿದ್ದನ್ನು ತಾವೇ ಪಂದ್ಯದಲ್ಲಿ ಓಡಿಸುತ್ತಿದ್ದರು. ಕಾಲುವೆ ಬಂದ ಮೇಲೆ ಎತ್ತಿನ ಜಾಗಕ್ಕೆ ಎಂಜಿನ್ನು ಬಂತು. ಕಾಲುವೆ ಪ್ರಾಜೆಕ್ಟಿನವರು ಗುಜರಿಗೆ ಹಾಕಿದ ಮಿಲಿಟರಿ ಜೀಪನ್ನು ಮಗ ದುರುಗಪ್ಪ ಎಳೆದು ತಂದು, ಬಾನೆಟ್ಟು ಕಿತ್ತೆಸೆದು, ಅಜ್ಜನ ಬಂಡಿಯ ಹಲಗೆಯನ್ನೇ ಸೀಟು ಮಾಡಿದ್ದ. ಸೈಲೆನ್ಸರ್ ಇರಲಿಲ್ಲ. ಇದ್ದರೆ ಊರಿಗೆ ಗೊತ್ತಾಗುವುದು ಹೇಗೆ?

ಒಂದು ಪದ್ಧತಿ ಮಾತ್ರ ಬದಲಾಗಲಿಲ್ಲ. ಪಂದ್ಯಕ್ಕೆ ಮುಂಚೆ, ಗಾಲಿ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ ಬಡಿಯುವುದು ಸೊಸೆಯ ಕೆಲಸ. ಗಾಲಿ ಹಾರಿದರೆ ಕುಂಕುಮ ಕಳೆದುಕೊಳ್ಳುವವಳು ಅವಳೇ; ಅವಳಷ್ಟು ಜೋಪಾನ ಇನ್ನಾರಿಗೂ ಇರದು ಎಂಬುದು ಹಿರಿಯರ ಲೆಕ್ಕ. ಕ್ರೂರ ಲೆಕ್ಕ, ಆದರೆ ತಪ್ಪು ಲೆಕ್ಕವಲ್ಲ. ಅವಳು ಬಡಿಯುವಾಗ ಮನೆಯ ಗಂಡಸರು ಬೆನ್ನು ತಿರುಗಿಸಿ ನಿಲ್ಲಬೇಕು. ಆಮೇಲೆ ಮುಟ್ಟಿ ನೋಡಬಾರದು. ನೋಡಿದರೆ ಅವಳನ್ನು ನಂಬಲಿಲ್ಲ ಎಂದಂತೆ. ಜೀಪಿಗೆ ಕಡಾಣಿ ಎಲ್ಲಿಂದ ಬರಬೇಕು? ನಟ್ಟುಗಳಿದ್ದವು. ಯಮನೂರಪ್ಪ ಸೊಸೆಯ ಕೈಗೆ ನಟ್ಟು ತಿರುಗಿಸುವ ಪಾನಾ ಕೊಟ್ಟ.

ಆ ಸಲದ ಓಟ ಸಿಂಧನೂರಿನಿಂದ ಸಾಲಗುಂದದ ಕಡೆಗೆ, ಕಾಲುವೆ ಏರಿಯ ಮೇಲೆ. ಎಡಕ್ಕೆ ತುಂಬಿ ಹರಿಯುವ ನೀರು. ಎದುರಾಳಿ ಜಂಗ್ಲಿಸಾಬ್, ಅವನದೂ ಅದೇ ಗುಜರಿಯ ಜೀಪು.

ಸೊಸೆ ಕರೆಮ್ಮನಿಗೆ ಇದು ಮೊದಲ ಪಂದ್ಯ. ಗಂಡ ಕೂಡಿಸಿಟ್ಟ ನಟ್ಟುಗಳನ್ನೆಲ್ಲ ಪಾನಾ ಹಾಕಿ ಬಲಕ್ಕೆ ಜಗ್ಗಿದಳು. ಬಲಗಡೆಯವು ಜಪ್ಪಯ್ಯ ಅನ್ನಲಿಲ್ಲ. ಎಡಗಡೆಯವು ಬೆಣ್ಣೆಯಂತೆ ತಿರುಗಿದವು. ತನ್ನ ತೋಳಿಗೂ ಬಲ ಬಂತೆಂದು ಹಿಗ್ಗಿದಳು.

ಎಂಜಿನ್ನುಗಳು ಗುಡುಗತೊಡಗಿದಾಗ ಜಂಗ್ಲಿಸಾಬ್ ಕೆಳಗಿಳಿದು, ತನ್ನ ಎಡಗಡೆ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಪಾನಾ ಎಡಕ್ಕೆ ಜಗ್ಗುತ್ತಿದ್ದ.

“ಯಾಕ ಸಾಬಣ್ಣ, ಓಡೂದಕ್ಕಿಂತ ಮೊದಲೇ ಬಿಚ್ಚಾಕತ್ತೀರಿ?”

“ಬಿಚ್ಚೂದಲ್ಲ ತಂಗಿ, ಬಿಗಿಯಾಕತ್ತೀನಿ. ಈ ಜೀಪಿನ ಎಡಗಡಿ ನಟ್ಟಿಗೆ ಉಲ್ಟಾ ಚೂಡಿ. ಬಲಕ್ಕ ತಿರುವಿದ್ರ ಸಡ್ಲ ಆಗ್ತಾವ. ನಿನ್ನ ಗಂಡ ಹೇಳಿಲ್ಲೇನು?”

ಗಂಡ ಹೇಳಿರಲಿಲ್ಲ. ಅವನಿಗೆ ಗೊತ್ತಿತ್ತು. ಆದರೆ ಕಡಾಣಿಯ ವಿಷಯದಲ್ಲಿ ಗಂಡಸರು ಬಾಯಿ ಹಾಕುವಂತಿರಲಿಲ್ಲವಲ್ಲ.

ಕರೆಮ್ಮ ಓಡಿದಳು. “ಮಾವ, ಎಡಗಡಿ ಗಾಲಿ...”

“ಬಾಯಿ ಮುಚ್ಚು! ಹೊಂಟ ಗಾಲಿ ಹೆಸರು ತಗೀಬ್ಯಾಡ.”

“ಸಡ್ಲ ಆಗ್ಯಾವ್ರಿ!”

“ನೀ ಬಡದದ್ದು ಸಡ್ಲ ಆಗಾಂಗಿಲ್ಲ,” ಅಂದ ಯಮನೂರಪ್ಪ. ಅಷ್ಟು ನಂಬಿಕೆ ಅವಳಿಗೆ ತವರಿನಲ್ಲೂ ಸಿಕ್ಕಿರಲಿಲ್ಲ.

ಓಟ ಬಿಡುವವನ ಕೈಯ ಕೆಂಪು ವಸ್ತ್ರ ಮೇಲೇರಿತ್ತು. ಕೂಗಿದರೆ ದುರುಗಪ್ಪನಿಗೆ ಕೇಳುವಂತಿರಲಿಲ್ಲ. ಕರೆಮ್ಮ ಹೋಗಿ ಜೀಪಿನ ಮುಂದೆ, ಮಣ್ಣಿನಲ್ಲಿ, ಕಾಲು ಚಾಚಿ ಕೂತುಬಿಟ್ಟಳು. ವಸ್ತ್ರ ಕೆಳಗಿಳಿಯಿತು. ಜಂಗ್ಲಿಸಾಬನ ಜೀಪು ಚಂಗನೆ ಹಾರಿತು. ದುರುಗಪ್ಪನದು ಅವಳ ಪಾದದ ಹತ್ತಿರ ಜಗ್ಗಿ, ನಡುಗಿ, ಸತ್ತು ನಿಂತಿತು.

“ಏಳ ಬೇ! ಸಾಯ್ತೀಯೇನು?”

“ಸಾಯೋರು ನೀವು. ಎಡಗಡೀವೂ ಬಲಕ್ಕೇ ತಿರುವೀನಿ.”

ದುರುಗಪ್ಪನ ಮುಖ ಬಿಳಿಚಿತು. ಕರೆಮ್ಮ ಎದ್ದು ಪಾನಾ ಹಾಕಿದಳೋ ಇಲ್ಲವೋ, ಅವನು ಇಳಿದು ಬೆನ್ನು ತಿರುಗಿಸಿದ. ಅಪ್ಪನೂ ತಿರುಗಿಸಿದ. ಇಬ್ಬರೂ ಕಾಲುವೆ ನೀರು ನೋಡುತ್ತ ನಿಂತರು.

“ಯಮನೂರಪ್ಪಾ, ಪಂದ್ಯ ಆ ಕಡಿ ನಡದೈತೋ!” ಯಾರೋ ಕೂಗಿದರು. ಏರಿಯ ತಿರುವಿನಲ್ಲಿ ಜಂಗ್ಲಿಸಾಬನ ಧೂಳೂ ಮರೆಯಾಗುತ್ತಿತ್ತು.

ಎಡಗಡೆಯ ಎರಡೂ ಗಾಲಿ ಮುಗಿಸಿ ಕರೆಮ್ಮ ಮತ್ತೆ ಜೀಪಿನ ಮುಂದೆ ಬಂದು ಕೂತಳು.

“ಈಗೇನಾತು?”

“ಮುಟ್ಟಿ ನೋಡ್ರಿ.”

“ನಮ್ಮ ಮನ್ಯಾಗ ಅದು...”

“ಕುಂಕುಮ ನಂದು. ನೋಡಿದ್ರ ಏಳ್ತೀನಿ.”

ದುರುಗಪ್ಪ ಅಪ್ಪನ ಬೆನ್ನಿನ ಕಡೆ ನೋಡಿದ. ಅವನು ಅವಳ ಕೈಯಿಂದ ಪಾನಾ ತೆಗೆದುಕೊಂಡು, ಕೂತು, ಎಡಗಡೆಯ ಒಂದೊಂದೇ ನಟ್ಟು ಜಗ್ಗಿ ನೋಡಿದ.

ಯಮನೂರಪ್ಪ ನೀರಿನಿಂದ ಮುಖ ತಿರುಗಿಸದೆಯೇ ಅಂದ:

“ಬಲಗಡೀವೂ ನೋಡಲೇ.”