ಬಾರಿನ ಕೆಳಗೆ ಎರಡು ಬೆರಳು

ಎರಡು ಬೆರಳಿನಿಂದ ಎಷ್ಟು ಭಾರ ಕಡಿಮೆಯಾಗುತ್ತದೆ? ಎರಡು ಕೆಜಿಯೇ, ಐದೇ? ಐದು ಕೆಜಿ ಅಂಥ ದೊಡ್ಡ ಮೋಸವೇನೂ ಅಲ್ಲವಲ್ಲ? ದೋಣಿ ಕ್ಲಬ್ಬಿನ ವ್ಯಾಯಾಮದ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತು ತಮ್ಮ ಮತ್ತೆ ಮತ್ತೆ ಅದೇ ಲೆಕ್ಕ ಹಾಕುತ್ತಿದ್ದ. ಎದುರಿಗೆ ಅವನ ಅಣ್ಣ ಬೆಂಚಿನ ಮೇಲೆ ಕೂತು ಅಂಗೈಗೆ ಸೀಮೆಸುಣ್ಣದ ಪುಡಿ ಉಜ್ಜಿಕೊಳ್ಳುತ್ತಿದ್ದ. ಭಾರ ಎತ್ತುವ ಕಬ್ಬಿಣದ ಬಾರಿಗೆ ತೊಂಬತ್ತು ಕೆಜಿ ಏರಿಸಿಯಾಗಿತ್ತು.

ನಾಲ್ವರು ಹುಟ್ಟು ಹಾಕುವ ದೋಣಿ. ಮೂರು ಸೀಟು ಭರ್ತಿಯಾಗಿದ್ದವು. ನಾಲ್ಕನೆಯದು ಅಣ್ಣನಿಗೋ ತಮ್ಮನಿಗೋ ಎಂಬುದು ಇವತ್ತು ತೀರ್ಮಾನ. ಬೆಳಿಗ್ಗೆ ರೋಯಿಂಗ್ ಮಷಿನ್ನಿನ ಮೇಲೆ ಆರು ಕಿಲೋಮೀಟರ್ ಎಳೆದಾಗ ಅಣ್ಣ ನಾಲ್ಕು ಸೆಕೆಂಡ್ ಮುಂದಿದ್ದ. ಉಳಿದದ್ದು ಮಲಗಿ ಈ ಬಾರನ್ನು ಮೂರು ಸಲ ಎತ್ತುವುದು. ತಮ್ಮ ಆಗಲೇ ಎತ್ತಿದ್ದ, ಮೂರನೆಯ ಸಲ ಕಣ್ಣು ಕತ್ತಲೆ ಬಂದಿತ್ತು. ಅಣ್ಣನೂ ಎತ್ತಿಬಿಟ್ಟರೆ ಸೀಟು ಅಣ್ಣನದು.

ಕಬ್ಬಿಣ ಎಂದರೆ ತಮ್ಮನಿಗೆ ಮೊದಲಿಂದಲೂ ಆಗದು. ನೀರಿನ ಮೇಲೆ ಗಂಟೆಗಟ್ಟಲೆ ಹುಟ್ಟು ಹಾಕು ಎಂದರೆ ಹಾಕುತ್ತಿದ್ದ. ಅಲ್ಲಿ ನೋವು ನಿಧಾನವಾಗಿ ಬಂದು ಪಕ್ಕದಲ್ಲಿ ಕೂರುತ್ತದೆ, ಆಮೇಲೆ ಅದಕ್ಕೂ ಬೇಜಾರಾಗಿ ಸುಮ್ಮನಾಗುತ್ತದೆ. ಕಬ್ಬಿಣಕ್ಕೆ ಅಂಥ ದಾಕ್ಷಿಣ್ಯವಿಲ್ಲ. ಅಣ್ಣ ಇದಕ್ಕೆ ತದ್ವಿರುದ್ಧ; ಹುಟ್ಟು ಹಾಕುವುದರಲ್ಲಿ ಮುಂದಿದ್ದರೂ ಮನಸ್ಸೆಲ್ಲ ಕಬ್ಬಿಣದ ಮೇಲೆ.

"ಓಟ, ದೋಣಿ ಎಲ್ಲ ಬರೀ ಗೋಳು ಕಣೋ ಕಡ್ಡಿ," ಅನ್ನುತ್ತಿದ್ದ. ಸಣಕಲು ತಮ್ಮನಿಗೆ ಅವನಿಟ್ಟ ಹೆಸರು ಅದು. "ಯಾರು ಎಷ್ಟು ಸುಸ್ತಾದರು ಅಂತ ಯಾರಿಗೆ ಗೊತ್ತಾಗುತ್ತೆ? ಇದು ನೋಡು, ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ಇದರಲ್ಲಿ ಮೋಸ ಇಲ್ಲ."

ಹೋದ ವರ್ಷ ಅಣ್ಣನ ಭುಜದ ಸ್ನಾಯು ಹರಿದಿತ್ತು. ಎಂಟು ತಿಂಗಳು ಮಗಳನ್ನು ಎತ್ತಿಕೊಳ್ಳಲೂ ಆಗಿರಲಿಲ್ಲ. ಮತ್ತೆ ಬೆಂಚಿಗೆ ಬಂದ ದಿನ, "ಹಿಂದೆ ನಿಂತು ಸಪೋರ್ಟ್ ಕೊಡು, ಸುಮ್‌ಸುಮ್ನೆ ಮುಟ್ಟಬೇಡ," ಎಂದ. ಎಪ್ಪತ್ತು ಕೆಜಿ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಅಣ್ಣನ ಮುಖದಲ್ಲಿ ಹೆದರಿಕೆ ಕಂಡಿದ್ದು ತಮ್ಮನಿಗೆ ಅದೇ ಮೊದಲು. ಬಾರಿನ ಕೆಳಗೆ ಎರಡು ಬೆರಳು ಕೊಟ್ಟ. ಬಾರು ಮೇಲೆ ಹೋಯಿತು.

"ಮುಟ್ಟಿದೆಯೇನೋ?"

"ಇಲ್ಲಣ್ಣ. ಪೂರ್ತಿ ನಿಂದೇ."

ಅವತ್ತು ಸಂಜೆ ಅತ್ತಿಗೆ ಬಾಗಿಲಲ್ಲೇ ತಡೆದು ಕೇಳಿದರು. "ನಿಮ್ಮಣ್ಣ ಪಾತ್ರೆ ತೊಳೀತಾ ಸಿಳ್ಳೆ ಹಾಕ್ತಿದ್ದಾರಪ್ಪ. ಎಲ್ಲಿ ಏನು ಕುಡಿಸಿದೆ?"

ಎಪ್ಪತ್ತು ಎಂಬತ್ತಾಯಿತು, ಎಂಬತ್ತು ತೊಂಬತ್ತಾಯಿತು. ಬೆರಳುಗಳೂ ಜೊತೆಗೇ ಹೋದವು. ಅಲ್ಲಿಯವರೆಗೂ ಅದು ಕರುಣೆಯೇ, ಅದರಲ್ಲಿ ತಮ್ಮನಿಗೆ ಅನುಮಾನವಿರಲಿಲ್ಲ. ಆರು ವಾರದ ಹಿಂದೆ ನೋಟೀಸ್ ಬೋರ್ಡಿನ ಮೇಲೆ ಪಟ್ಟಿ ಬಿತ್ತು, ಒಂದು ಸೀಟಿಗೆ ತಮ್ಮಿಬ್ಬರದೇ ಹೆಸರು. ಮಾರನೆಯ ಬೆಳಿಗ್ಗೆಯೂ ಅವನು ಬೆರಳು ಕೊಟ್ಟ, "ಪೂರ್ತಿ ನಿಂದೇ" ಎಂದೂ ಹೇಳಿದ. ಆ ಬೆಳಗಿನದು ಏನು ಎಂದು ತನ್ನನ್ನು ತಾನು ಕೇಳಿಕೊಂಡಾಗಲೆಲ್ಲ ಅವನು ಐದು ಕೆಜಿಯ ಲೆಕ್ಕಕ್ಕೆ ವಾಪಸ್ಸಾಗುತ್ತಿದ್ದ.

ಕೋಚ್ ಬೆಂಚಿನ ಹಿಂದೆ ಬಂದು ನಿಂತರು. ಬಾರಿನಿಂದ ಒಂದು ಗೇಣು ಕೆಳಗೆ ಕೈ ಹಿಡಿದರು. "ನಾನು ಮುಟ್ಟಿದರೆ ಮುಗೀತು. ಗೊತ್ತಲ್ಲ?"

ಮೊದಲನೆಯದು ಹೋಯಿತು. ಎರಡನೆಯದು ನಡುಗುತ್ತ ಹೋಯಿತು. ಮೂರನೆಯದು ದಿನಾ ನಿಲ್ಲುವ ಜಾಗದಲ್ಲೇ ನಿಂತಿತು. ಜೇಬಿನೊಳಗೆ ತಮ್ಮನ ಎರಡು ಬೆರಳು ತಾವಾಗಿಯೇ ಮಡಚಿಕೊಂಡವು. ಬಾರು ಮೆಲ್ಲಗೆ ಅಣ್ಣನ ಎದೆಯ ಮೇಲೆ ಇಳಿಯಿತು. ಕೋಚ್ ಎತ್ತಿ ಸ್ಟ್ಯಾಂಡಿಗೆ ಇಟ್ಟರು.

"ದಿನಾ ಬರ್ತಿತ್ತು ಸಾರ್," ಅಣ್ಣ ಎದ್ದು ಕೂತು ಹೇಳಿದ. "ಬೇಕಾದರೆ ಇವನನ್ನ ಕೇಳಿ."

ಕೋಚ್ ತಿರುಗಿದರು. "ಏನಪ್ಪಾ, ಬರ್ತಿತ್ತಾ?"

ಅಣ್ಣ ಅವನನ್ನೇ ನೋಡುತ್ತಿದ್ದ.

"ಬರ್ತಿತ್ತು ಸಾರ್."

"ಹಾಗಾದರೆ ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ ಮಾಡು. ತಮ್ಮನೇ ಹೇಳ್ತಾನೆ ಅಂದಮೇಲೆ ಇನ್ನೇನು."

ಅರ್ಧ ಗಂಟೆ ಬಿಟ್ಟು ಎರಡನೆಯದೇ ಏಳಲಿಲ್ಲ. "ಬಾರಿಗೂ ವಯಸ್ಸಾಯ್ತು ಅನ್ಸುತ್ತೆ," ಎಂದ ಕಿಟಕಿ ಹತ್ತಿರವಿದ್ದ ಒಬ್ಬ. ಯಾರೋ ನಕ್ಕರು. ಅಣ್ಣನೂ ನಕ್ಕ, ತಮ್ಮನಿಗೆ ಅದನ್ನು ನೋಡಲಾಗಲಿಲ್ಲ.

ಸೈಕಲ್ ನಿಲ್ಲಿಸುವ ಜಾಗದಲ್ಲಿ ಅಣ್ಣ ತನ್ನ ಮಣಿಕಟ್ಟಿನ ಪಟ್ಟಿ ಬಿಚ್ಚಿ ತಮ್ಮನ ಕೈಗಿಟ್ಟ. "ಇಟ್ಕೋ. ನನ್ನ ತೋಳಲ್ಲಿ ಶಕ್ತಿ ಇತ್ತು ಕಣೋ. ನೀನೇ ನೋಡಿದೀಯ. ಎದೇಲಿ ಇರಲಿಲ್ಲ. ನಾಲ್ಕು ಜನರ ಮುಂದೆ ಪುಕ್ಕಲನಾಗಿಬಿಟ್ಟೆ."

"ಬಿಡಣ್ಣ. ಒಂದೊಂದು ದಿನ ಹಾಗೆ," ಎಂದ ತಮ್ಮ.

ಅಣ್ಣ ಕ್ಲಬ್ಬಿಗೆ ಮತ್ತೆ ಬರಲಿಲ್ಲ. ತಮ್ಮ ನಾಲ್ಕನೆಯ ಸೀಟಿನಲ್ಲಿ ಎರಡು ವರ್ಷ ಕೂತ. ಮುಂದೆ ನೋವು ಬಂದು ಪಕ್ಕದಲ್ಲಿ ಕೂತರೆ ಮೊದಲಿನಂತೆ ಅದು ಬೇಜಾರಾಗಿ ಸುಮ್ಮನಾಗುತ್ತಿರಲಿಲ್ಲ. ಒಂದು ಭಾನುವಾರ ಈಜುಕೊಳದ ಅಂಚಿನಲ್ಲಿ ಅಣ್ಣನ ಮಗಳು ಹಾರಲು ಹೆದರಿ ಅಳುತ್ತ ನಿಂತಿದ್ದಳು. "ಅವಳದೇನು ತಪ್ಪು, ಅಪ್ಪನ ಹಾಗೇ ಪುಕ್ಕಲು," ಎಂದು ಅಣ್ಣ ಅವಳ ತಲೆ ಸವರಿದ. ಅತ್ತಿಗೆ ಬೇರೆ ಕಡೆ ನೋಡಿದರು. ತಮ್ಮ ಟವೆಲ್ ಮಡಚುತ್ತ ಪಕ್ಕದಲ್ಲೇ ಇದ್ದ.

ತನ್ನ ಎರಡು ಬೆರಳು ದಿನಾ ಬಾರಿನ ಕೆಳಗಿದ್ದವು ಎಂದು ಅವನು ಅಣ್ಣನಿಗೆ ಹೇಳಲೇ ಇಲ್ಲ.