ಕೊನೆಯ ಮನೆಯ ಗುಳ್ಳೆ

ಮೂಲಾ ನಕ್ಷತ್ರದ ದಿನ ಅಂಬಾಬಾಯಿ ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಪೇರಿಸಿ, ಮೇಲೆ ಕೆಂಪು ವಸ್ತ್ರ ಹೊದಿಸಿ, ಸರಸ್ವತಿಯನ್ನು ಕೂರಿಸಿದಳು. ಇನ್ನು ವಿಜಯದಶಮಿಯ ಪೂಜೆಯವರೆಗೆ ಆ ಮನೆಯಲ್ಲಿ ಓದುವಂತಿಲ್ಲ, ಬರೆಯುವಂತಿಲ್ಲ, ಪುಸ್ತಕ ಮುಟ್ಟುವಂತಿಲ್ಲ. ಹದಿನೈದು ವರ್ಷದ ಮಗ ಸೀತಾರಾಮನಿಗೆ ಪ್ರತಿ ದಸರೆಯಲ್ಲೂ ಈ ನಿಯಮ ಹೋಳಿಗೆಗಿಂತ ರುಚಿಯಾಗಿ ಕಾಣುತ್ತಿತ್ತು. ಈ ಸಲ ಮಾತ್ರ ಮೈ ಉರಿಯಿತು. ಆ ರಾಶಿಯೊಳಗೆ ಅವನೂ ಸಹಪಾಠಿ ಕದಿರಪ್ಪನೂ ಸೇರಿ ಮಾಡಿದ ‘ದಸರಾ ರಜ’ ಎಂಬ ಪುಸ್ತಕ ಸಿಕ್ಕಿಕೊಂಡಿತ್ತು.

ಅದು ಚಿತ್ರಗಳಲ್ಲೇ ನಡೆಯುವ ಕಥೆ. ಇಬ್ಬರು ಸ್ನೇಹಿತರು ರಜೆಯಲ್ಲಿ ಬಾಡಿಗೆ ಸೈಕಲ್ಲು ಹತ್ತಿ ಮುಳಬಾಗಿಲಿನಿಂದ ಕುರುಡುಮಲೆಗೆ ಹೊರಡುತ್ತಾರೆ. ಹೋಗುವುದಕ್ಕಿಂತ ಬೀಳುವುದೇ ಹೆಚ್ಚು. ಹಾಳೆಯನ್ನು ಚೌಕಾಬಾರದ ಹಾಗೆ ಮನೆ ಮನೆಯಾಗಿ ಗೆರೆ ಎಳೆದು, ಪ್ರತಿ ಮನೆಯಲ್ಲೂ ಕದಿರಪ್ಪ ಒಂದು ಚಿತ್ರ ಬರೆಯುತ್ತಿದ್ದ. ಮಾತಾಡುವವನ ಬಾಯಿಂದ ಒಂದು ಗುಳ್ಳೆ ಹೊರಡಿಸಿ, ಅದರೊಳಗೆ ಮಾತನ್ನು ಪೆನ್ಸಿಲಿನಲ್ಲಿ ಗೀಚುತ್ತಿದ್ದ. ಅದನ್ನು ತಿದ್ದಿ ಮಸಿಯಲ್ಲಿ ದುಂಡಗೆ ಬರೆಯುವುದು ಸೀತಾರಾಮನ ಕೆಲಸ. ವಿಜಯದಶಮಿಯ ದಿನ ಡ್ರಾಯಿಂಗ್ ಮೇಷ್ಟ್ರು ಕೋದಂಡರಾಮಪ್ಪನವರು ಹುಡುಗರು ಮಾಡಿದ ಪುಸ್ತಕಗಳನ್ನು ನೋಡಿ, ಒಂದನ್ನು ಶಾಲೆಯ ಓದುವ ಮೇಜಿಗೆ ಆರಿಸುವವರಿದ್ದರು.

ತಿದ್ದುವುದು! ಬರಬರುತ್ತಾ ಸೀತಾರಾಮನಿಗೆ ಆ ಕೆಲಸದ ಮೇಲೇ ಅನುಮಾನ ಹುಟ್ಟಿತ್ತು. ಕದಿರಪ್ಪನ ಸೈಕಲ್ಲು ನಿಂತಲ್ಲೇ ಓಡುತ್ತಿತ್ತು. ಅವನ ಎಮ್ಮೆ ಓದುವವನನ್ನೇ ದಿಟ್ಟಿಸುತ್ತಿತ್ತು. ಗುಳ್ಳೆಗಳನ್ನೆಲ್ಲ ಅಳಿಸಿದರೂ ಕಥೆ ನಡೆದುಹೋಗುತ್ತದೆ. ಹಾಗಿದ್ದ ಮೇಲೆ ತಾನೇಕೆ? ತಾಯಲೂರಿನ ಕದಿರಪ್ಪನದು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಒತ್ತು, ದೀರ್ಘ ಎರಡೂ ಅವನಿಗೆ ಎಟುಕುತ್ತಿರಲಿಲ್ಲ. ಆ ತಪ್ಪುಗಳಿಂದಲೇ ಆ ಪುಸ್ತಕದಲ್ಲಿ ತನಗೊಂದು ಜಾಗ ಎಂದುಕೊಂಡು ಸೀತಾರಾಮ ಒಂದನ್ನೂ ಬಿಡದೆ ಹಿಡಿಯುತ್ತಿದ್ದ.

ಪುಸ್ತಕಗಳು ಪೂಜೆಗೆ ಕೂರುವ ಹಿಂದಿನ ದಿನ, ಕೊನೆಯ ಹಾಳೆಗೆ ಮಸಿ ಹಾಕಿ ತೋರಿಸಿದಾಗ, ಕದಿರಪ್ಪ ಅದನ್ನು ಬಹಳ ಹೊತ್ತು ನೋಡಿದ.

“ಹೆಂಗಿದೆಯೋ?” ಎಂದ ಸೀತಾರಾಮ.

“ಸರಿ ಬಿಡು.”

“ಏನು ಸರಿ ಬಿಡು? ಅಕ್ಷರ ಚೆನ್ನಾಗಿಲ್ವಾ?”

“ಅಕ್ಷರಕ್ಕೇನಾಗಿದೆ. ಊರಿಗೆ ಹೋಗ್ತೀನಿ ಕಣೋ. ಹಬ್ಬದ ದಿನ ಬರ್ತೀನಿ.”

ಅಷ್ಟೇ ಹೇಳಿ ಹೊರಟುಬಿಟ್ಟ. ‘ಮುಂದಿನದು ನಾನೊಬ್ಬನೇ ಮಾಡ್ತೀನಿ’ ಎನ್ನುವುದನ್ನು ನುಂಗಿಕೊಂಡು ಹೋದ ಎಂದೇ ಸೀತಾರಾಮನಿಗೆ ಅನ್ನಿಸಿತು. ಎರಡು ದಿನ ಅದನ್ನೇ ಮೆಲುಕು ಹಾಕಿದ. ಯಾರು ಮಾತಾಡಿಸಿದರೂ ಸಿಡುಕಿದ.

ಮೂರನೆಯ ದಿನ ಹಿತ್ತಲಿನ ಬಾವಿಯಲ್ಲಿ ನೀರು ಸೇದಲು ಹೋಗಿ, ಪಾಚಿಯ ಮೇಲೆ ಜಾರಿ, ಕೊಡದ ಸಮೇತ ಕುಕ್ಕರಿಸಿದ. ಮೊಸರು ತಂದಿದ್ದ ಆವಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಏನು ಕಿಸೀತೀಯ?”

“ತಪ್ಪಾಯ್ತು ಸಾಮಿ. ನವ್ವಬಾರ್ದು ಅಂದ್ರೂ ನವ್ವು ಬರ್ತದೆ, ಏನ್ ಮಾಡ್ಲಿ?”

ನವ್ವು. ಸೀತಾರಾಮ ಒದ್ದೆ ಕಲ್ಲಿನ ಮೇಲೆ ಕೂತೇ ಇದ್ದ. ಪುಸ್ತಕದ ಕೊನೆಯ ಮನೆಯಲ್ಲಿ ಸೈಕಲ್ಲು ಒಂದು ಕಡೆ, ಹುಡುಗ ಒಂದು ಕಡೆ ಬಿದ್ದಿದ್ದಾನೆ. ಹುಡುಗನ ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಗುಳ್ಳೆಯಲ್ಲಿ ಕದಿರಪ್ಪ ಪೆನ್ಸಿಲಿನಿಂದ ‘ನವ್ವು ಬರ್ತಿದೆ ಕಣೋ’ ಎಂದು ಬರೆದಿದ್ದ. ನಗು ಬರುತ್ತಿದೆ! ಮುಳಬಾಗಿಲಿನ ಬೀದಿಯಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ತೆಲುಗು ಮಾತು. ಆದರೆ ಕಾಗದದ ಮೇಲೆ ಕಂಡಾಗ ಸೀತಾರಾಮನ ಕಣ್ಣು ಹುಡುಕಿದ್ದು ತಪ್ಪನ್ನು ಮಾತ್ರ. ಒತ್ತು ಕಿತ್ತು, ಓಕಾರದ ದೀರ್ಘ ಕೊಟ್ಟು, ‘ನೋವು’ ಎಂದು ಮಸಿಯಲ್ಲಿ ಬರೆದಿದ್ದ. ಸಾಲದ್ದಕ್ಕೆ, ಪಕ್ಕದಲ್ಲಿ ನಿಂತವನ ಬಾಯಿಗೆ ತನ್ನ ಕಡೆಯಿಂದ ಒಂದು ‘ಅಯ್ಯೋ ಪಾಪ’ವನ್ನೂ ಸೇರಿಸಿದ್ದ.

“ಅಮ್ಮಾ, ಒಂದು ಪುಸ್ತಕ ಬೇಕು. ಒಂದೇ ನಿಮಿಷ.”

“ವರ್ಷವೆಲ್ಲಾ ಓದದೇ ಇದ್ದೋನಿಗೆ ಇವತ್ತೇ ಬಂತೇ ಓದು? ನಾಳೆ ಪೂಜೆ ಮುಗೀಲಿ.”

“ನಾಳೆ ಹೊತ್ತು ಮೀರುತ್ತೆ ಅಮ್ಮಾ!”

“ಸೀತೂ, ಮುಟ್ಟಿದರೆ ಗೊತ್ತಲ್ಲ?”

ಅವಳು ಪಕ್ಕದ ಮನೆಗೆ ಕುಂಕುಮಕ್ಕೆ ಹೋಗುವವರೆಗೆ ಕಾದ. ವಸ್ತ್ರ ಸರಿಸಿ ಪುಸ್ತಕ ಎಳೆದ. ಅಪ್ಪನ ಹಳೆಯ ಬ್ಲೇಡಿನಿಂದ ‘ನೋವು’ ಎಂಬ ಮಸಿಯನ್ನು ಕೆರೆಯತೊಡಗಿದ. ಯುದ್ಧದ ಕಾಲದ ಕಾಗದ, ಈರುಳ್ಳಿ ಸಿಪ್ಪೆಯ ಹಾಗೆ. ನಾಲ್ಕು ಕೆರೆತಕ್ಕೆ ಗುಳ್ಳೆಯಲ್ಲಿ ಮಾತಿದ್ದ ಜಾಗ ಹರಿದು ತೂತಾಯಿತು. ಸೀತಾರಾಮ ತನ್ನ ತಲೆಗೆ ತಾನೇ ಹೊಡೆದುಕೊಂಡು ಪುಸ್ತಕವನ್ನು ಮತ್ತೆ ರಾಶಿಗೆ ತುರುಕಿದ.

“ಹೆಬ್ಬೆರಳಿಗೇನೋ ಕುಂಕುಮ?” ಎಂದಳು ಅಂಬಾಬಾಯಿ, ಬರುತ್ತಲೇ.

“ಹಣೆಗೆ ಇಟ್ಕೊಂಡೆ.”

“ಹಣೇಲಿಲ್ಲವಲ್ಲ?”

“ಒರೆಸಿಕೊಂಡೆ.”

ಅವಳು ರಾಶಿಯನ್ನು ನೋಡಿದಳು, ಮಗನನ್ನು ನೋಡಿದಳು. ಸೊಟ್ಟಗಾಗಿದ್ದ ವಸ್ತ್ರವನ್ನು ಎಳೆದು ಸರಿಮಾಡಿದಳು. ಬೈದಿದ್ದರೇ ಚೆನ್ನಾಗಿತ್ತು.

ವಿಜಯದಶಮಿಯ ಪೂಜೆ ಮುಗಿಯುವ ಹೊತ್ತಿಗೆ ಕದಿರಪ್ಪ ಬಂದು ಜಗಲಿಯ ಮೇಲೆ ಕೂತಿದ್ದ. ಸೀತಾರಾಮ ಕೊನೆಯ ಹಾಳೆ ತೆಗೆದು ಮುಂದೆ ಹಿಡಿದ. ಕದಿರಪ್ಪ ತೂತಿನೊಳಗೆ ಕಿರುಬೆರಳು ತೂರಿಸಿದ.

“ಏನ್ಲಾ ಇದು?”

“ನವ್ವು.”

“ಇದಾ?”

“ನೀನು ನವ್ವು ಅಂತ ಬರೆದಿದ್ದೆ. ನಾನು ನೋವು ಮಾಡಿದೆ. ನೋಡಿದವನು ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ? ಸರಿ ಬಿಡು ಅಂತೆ, ಸರಿ ಬಿಡು!”

ಕದಿರಪ್ಪ ಬೆರಳನ್ನು ತೂತಿನಿಂದ ತೆಗೆಯಲಿಲ್ಲ. “ನೀನು ಚಿತ್ರದ ಮುಖ ನೋಡಿ ಬದಲಾಯಿಸಿದೆ ಅಂದ್ಕೊಂಡೆ ಕಣೋ. ನಗೋನ್ನ ಬರೆದರೆ ಅಳೋ ಹಂಗೆ ಕಾಣ್ತಾನೆ, ನಂಗೆ ಚಿತ್ರ ಬರಲ್ಲ ಅಂದ್ಕೊಂಡೆ. ಊರಲ್ಲಿ ಪೆನ್ಸಿಲ್ಲೇ ಮುಟ್ಟಲಿಲ್ಲ.”

ಸೀತಾರಾಮನಿಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ. “ಮುಖ ಯಾರು ನೋಡಿದರು! ನಾನು ನೋಡಿದ್ದು ಒತ್ತನ್ನ,” ಎಂದ.

ಕದಿರಪ್ಪ ಪುಸ್ತಕದ ಅಂಚಿನಿಂದ ಚೂರು ಕಾಗದ ಹರಿದು, ನೈವೇದ್ಯದ ಅನ್ನದ ಎರಡು ಅಗುಳು ಹಿಸುಕಿ, ತೂತಿನ ಮೇಲೆ ಅಂಟಿಸಿದ. “ಬರಿ. ಆ ಅಯ್ಯೋ ಪಾಪ ಇರ್ಲಿ, ಚೆನ್ನಾಗಿದೆ. ಬಿದ್ದೋನು ನಗ್ತಾವ್ನೆ, ನಿಂತೋನು ಅಳ್ತಾವ್ನೆ.”

ಸೀತಾರಾಮ ಲೇಖನಿ ಹಿಡಿದ. ‘ನಗು’ ಎಂದು ಬರೆಯಲು ಕೈ ತುರಿಸಿತು. ಹಲ್ಲು ಕಚ್ಚಿಕೊಂಡು ನವ್ವು ಎಂದೇ, ಒತ್ತಿನ ಸಮೇತ, ದುಂಡಗೆ ಬರೆದ.

ಕೋದಂಡರಾಮಪ್ಪನವರು ಮೈಸೂರಿನ ಕಡೆಯಿಂದ ವರ್ಗವಾಗಿ ಬಂದವರು, ತೆಲುಗು ತಿಳಿಯದವರು. ಶಾಲೆಗೆ ತಂದ ಪುಸ್ತಕವನ್ನು ತಿರುವಿ ಎಮ್ಮೆಯನ್ನು ಮೆಚ್ಚಿಕೊಂಡರು. ಸೈಕಲ್ಲಿನ ಚಕ್ರವನ್ನು ಬೆರಳಿನಿಂದ ತಿರುಗಿಸಲು ಹೋದರು. ಕೊನೆಯ ಮನೆಗೆ ಬಂದವರು ಹುಬ್ಬು ಗಂಟಿಕ್ಕಿ, ಕೆಂಪು ಮಸಿಯ ಪೆನ್ನು ತೆಗೆದು, ನವ್ವು ಎಂಬುದರ ಮೇಲೆ ಅಡ್ಡಗೆರೆ ಎಳೆದು ‘ನೋವು’ ಎಂದು ಬರೆದರು.

“ಇಷ್ಟು ಒಳ್ಳೆ ಅಕ್ಷರ ಇಟ್ಕೊಂಡು ಕಾಗುಣಿತ ಬರೋದಿಲ್ಲವೇನಯ್ಯ?” ಎಂದು ಸೀತಾರಾಮನ ಕಡೆ ತಿರುಗಿದರು. ತೇಪೆ ಹಾಕಿದ ಪುಸ್ತಕ ಮೇಜಿಗೆ ಆಗುವುದಿಲ್ಲ ಎಂದು ಪಕ್ಕಕ್ಕಿಟ್ಟರು.

ಸೀತಾರಾಮನ ಕಿವಿ ಕೆಂಪಾಯಿತು. ಉತ್ತರ ಹೇಳಲು ಬಾಯಿ ತೆರೆದವನು ಪಕ್ಕಕ್ಕೆ ನೋಡಿದ. ಕದಿರಪ್ಪ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಅಗಲಿಸಿ, ಸದ್ದಿಲ್ಲದೆ ನಗುತ್ತಾ ಅಲುಗಾಡುತ್ತಿದ್ದ. ಯಾರು ನೋಡಿದರೂ ಅಳುತ್ತಿದ್ದಾನೆ ಎನ್ನಬೇಕು. ಥೇಟ್ ಕೊನೆಯ ಮನೆಯ ಹುಡುಗ.

“ಚಿತ್ರ ಸರಿಯಾಗೇ ಬರೆದಿದ್ದೀಯ, ಹಾಳಾದೋನೆ,” ಎಂದು ಪಿಸುಗುಟ್ಟಿ, ಸೀತಾರಾಮ ಅವನ ಕಾಲನ್ನು ಬಲವಾಗಿ ತುಳಿದ.