ನಾಡಿಪಂಡಿತರ ಕೊನೆಯ ಫಾರಂ

ಪುಸ್ತಕವನ್ನು ಎಲ್ಲರೂ ಮುಂದಿನಿಂದ ತೆರೆಯುತ್ತಾರೆ. ಅವರು ಮಾತ್ರ ಹಿಂದಿನಿಂದ ಮುಟ್ಟುತ್ತಿದ್ದರು. ಎಡಗೈಯಲ್ಲಿ ಅದರ ಬೆನ್ನು ಹಿಡಿದು, ಬಲಗೈಯ ಹೆಬ್ಬೆರಳನ್ನು ಕೊನೆಯ ಪುಟಗಳ ಅಂಚಿನ ಮೇಲೆ ಮೆಲ್ಲಗೆ ಎಳೆದು, ಜ್ವರದ ಮಗುವಿನ ಮಣಿಕಟ್ಟು ಹಿಡಿದ ವೈದ್ಯನಂತೆ ಕಣ್ಣು ಅರೆಮುಚ್ಚಿ ಕ್ಷಣಕಾಲ ನಿಶ್ಚಲರಾಗಿ, ಬಳಿಕ ನಿಟ್ಟುಸಿರಿಟ್ಟು ಕೆಳಗಿಡುತ್ತಿದ್ದರು. ನಮ್ಮ ಮುದ್ರಣಾಲಯದಲ್ಲಿ ಅವರಿಗೆ ನಾಡಿಪಂಡಿತರು ಎಂಬ ಹೆಸರು ಬಿದ್ದದ್ದು ಹೀಗೆ. ಹೆಸರಿಟ್ಟವನು ನಾನೇ. ಸ್ವಂತ ಬುದ್ಧಿಯಿಂದ ನಾನು ಸೃಷ್ಟಿಸಿದ ಸಾಹಿತ್ಯ ಇಂದಿಗೂ ಆ ಒಂದೇ ಪದ.

ನಾನಲ್ಲಿ ಪುಟ ಜೋಡಿಸುವವನು. ಪ್ರಕಾಶಕರು ಬೇಡವೆಂದದ್ದನ್ನು ತಾವೇ ಅಚ್ಚು ಹಾಕಿಸಿಕೊಳ್ಳುವ ಲೇಖಕರೇ ನಮ್ಮ ಅನ್ನದಾತರು. ಬೆಳಿಗ್ಗೆ ಒಂದು ಕೊಲೆ, ಮಧ್ಯಾಹ್ನ ಒಂದು ಮೋಕ್ಷ, ಸಂಜೆಯ ಹೊತ್ತಿಗೆ ತುಸು ಪ್ರಣಯ, ಎಲ್ಲವೂ ನನ್ನ ಕಣ್ಣೆದುರೇ ಹಾದುಹೋಗುತ್ತವೆ. ಯಾವುದೂ ತಲೆಗೆ ಹತ್ತುವುದಿಲ್ಲ. ಅಕ್ಷರವೆಂದರೆ ನನಗೆ ಸಾಲಿನಲ್ಲಿ ನಿಲ್ಲದ ಮಕ್ಕಳು. ನಿಲ್ಲಿಸುವುದಷ್ಟೇ ನನ್ನ ಕೆಲಸ. ಅವು ಏನು ಹಾಡುತ್ತಿವೆ ಎಂಬುದು ಸಂಬಳದಲ್ಲಿ ಸೇರಿಲ್ಲ. "ಹೇಗಿದೆ?" ಎಂದು ಆಸೆಯಿಂದ ಕೇಳುವ ಲೇಖಕರಿಗೆಲ್ಲ "ಅಂಚು ಚೆನ್ನಾಗಿ ಬಂದಿದೆ ಸರ್" ಎನ್ನುತ್ತೇನೆ. ಅದರಲ್ಲಿ ಸುಳ್ಳಿಲ್ಲ.

ನಾಡಿಪಂಡಿತರು ವಿಮಾ ಕಚೇರಿಯ ನಿವೃತ್ತ ಗುಮಾಸ್ತರು. ಸತ್ತವರ ಕಾಗದಪತ್ರಗಳ ನಡುವೆ ಆಯುಷ್ಯ ಸವೆಸಿದ್ದರಿಂದಲೋ ಏನೋ, ಬದುಕಿನ ಒಂದು ಬಗೆಯೂ ತಮ್ಮ ಲೇಖನಿಗೆ ತಪ್ಪಿಹೋಗಬಾರದೆಂಬ ಹಟ ಅವರಿಗೆ. ಪತ್ತೇದಾರಿ, ಭೂತಕಥೆ, ಗ್ರಹಾಂತರ ಯಾನ, ಮಕ್ಕಳ ಪದ್ಯ, ಸಂಸಾರದ ಕಾದಂಬರಿ, ಯಾವುದನ್ನೂ ಬಿಡಲಿಲ್ಲ. ಒಂದೊಂದಕ್ಕೆ ಒಂದೊಂದು ಕಾವ್ಯನಾಮ, ಯಾವುದರಲ್ಲೂ ಭಾವಚಿತ್ರವಿಲ್ಲ. ಸಂಸಾರದ ಕಾದಂಬರಿಗೆ ಹೆಂಗಸಿನ ಹೆಸರು. "ಗಂಡಸು ಬರೆದದ್ದು ಅಂದ್ರೆ ಹೆಂಗಸರು ನಂಬಲ್ಲ ಕಣಯ್ಯಾ" ಎಂದು ನಾಚಿಕೊಳ್ಳುತ್ತಿದ್ದರು. ಬೇಸಿಗೆಯಲ್ಲೂ ತೊಡುತ್ತಿದ್ದ ಕಂದು ಕೋಟಿನ ಜೇಬುಗಳನ್ನು ಬಿಚ್ಚಿಸಿ, ಪುಸ್ತಕ ಹಿಡಿಸುವಷ್ಟು ಅಗಲಿಸಿ ಹೊಲಿಸಿದ್ದರು. ಎಡಜೇಬಿನ ದಪ್ಪ ಕಾದಂಬರಿಗಳಿಂದಾಗಿ ನಡಿಗೆ ಎಡಕ್ಕೆ ವಾಲಿತ್ತು. ಜೇಬು ಬರಿದಾದ ದಿನವೂ ಆ ವಾಲು ಹೋಗುತ್ತಿರಲಿಲ್ಲ. ಯಾರು ಏನು ಹೇಳಿದರೂ "ಆಮೇಲೆ?" ಎನ್ನುವುದು ಅವರ ಮಾತಿನ ಚಾಳಿ. ಒಮ್ಮೆ ನಾನು ಹೊಟ್ಟೆನೋವೆಂದದ್ದಕ್ಕೂ ಅಪಾರ ಕುತೂಹಲದಿಂದ "ಆಮೇಲೆ?" ಎಂದಿದ್ದರು.

ಮನೆಯಲ್ಲಿದ್ದವರು ವಿಧವೆ ತಂಗಿಯೊಬ್ಬರೇ. ಪುಸ್ತಕದ ಕಟ್ಟುಗಳನ್ನು ಇಳಿಸಲು ಹೋದಾಗ ಅವರು ಬಾಗಿಲಲ್ಲೇ ತಡೆದು, "ಎಲ್ಲಿಡ್ತೀಯಪ್ಪ? ಮಂಚದ ಕೆಳಗೆ ಭೂತ, ಮೇಲೆ ಪ್ರೇಮ, ಒಲೆ ಪಕ್ಕ ಕೊಲೆ. ನಮ್ಮಣ್ಣ ನನ್ನನ್ನೂ ಒಂದು ಪುಸ್ತಕ ಮಾಡಿ ಕಟ್ಟಿಟ್ರೆ ಜಾಗ ಉಳಿಯುತ್ತೆ" ಎಂದಿದ್ದರು. ಅಣ್ಣ ಒಳಗಿನಿಂದ "ಆಮೇಲೆ?" ಎಂದರು.

ಇನ್ನು ಅವರ ಆ ವಿಚಿತ್ರ ನಿಯಮ. ಹದಿನಾರು ಪುಟದ ದೊಡ್ಡ ಹಾಳೆಯನ್ನು ಮಡಿಸಿದ್ದಕ್ಕೆ ನಾವು ಫಾರಂ ಎನ್ನುತ್ತೇವೆ. ಹೊಲಿದ ಮೇಲೆ ಯಂತ್ರ ಅಂಚು ಕತ್ತರಿಸಿದಾಗ ಮಡಿಕೆ ಬಿಟ್ಟು ಪುಟಗಳು ಬಿಡಿಯಾಗುತ್ತವೆ. ಪಂಡಿತರ ಪುಸ್ತಕಗಳಲ್ಲಿ ಮಾತ್ರ ಕೊನೆಯ ಫಾರಮನ್ನು, ಅಲಗಿಗೆ ಸಿಗದಂತೆ, ತುಸು ಒಳಸರಿಸಿ ಮಡಿಸಬೇಕು. ಕೊನೆ ಬೇಕಾದವರು ತಾವೇ ಮಡಿಕೆ ಸೀಳಿ ಬಿಡಿಸಿಕೊಂಡು ಓದಬೇಕು.

ಬೈಂಡರ್ ರೇಗಿದ. "ಸ್ವಾಮಿ, ಇದನ್ನ ನೋಡಿದವರು ನನಗೆ ಕೆಲಸ ಬರಲ್ಲ ಅಂತಾರೆ."

"ಅನ್ನಲಿ ಬಿಡಪ್ಪ. ಅನ್ನೋಕೆ ಅಲ್ಲಿತನಕ ಬರಬೇಕಲ್ಲ."

ಕ್ಷೌರದಂಗಡಿ, ಬ್ಯಾಂಕು, ಆಸ್ಪತ್ರೆ, ಜನ ಬೇಸತ್ತು ಕೂರುವ ಕಡೆಯಲ್ಲೆಲ್ಲ ಯಾರಿಗೂ ಕಾಣದಂತೆ ಜೇಬಿನಿಂದ ಒಂದೊಂದು ಪ್ರತಿ ಇಳಿಸಿ ಬರುವರು; ಕೆಲವು ವಾರ ಬಿಟ್ಟು ಹೋಗಿ ಹೆಬ್ಬೆರಳು ಎಳೆಯುವರು. ಮುಂದಿನ ಪುಟಗಳು ಎಣ್ಣೆಗೈಯಿಂದ ಮಾಸಿರುತ್ತಿದ್ದವು. ಕೊನೆಯ ಮಡಿಕೆ ಮಾತ್ರ ಕನ್ಯೆಯಾಗಿಯೇ ಉಳಿದಿರುತ್ತಿತ್ತು.

ಅವರ ಕಡೆಯ ಕಾದಂಬರಿ ಗಂಡನ ಮನೆ ಬಿಟ್ಟು ಹೊರಟ ಹೆಂಗಸಿನ ಕಥೆ. ಎಲ್ಲ ಸಿದ್ಧವಾಗಿ ಅಚ್ಚಿಗೆ ಹೋಗುವ ದಿನ ಓಡಿಬಂದು ಮುಕ್ತಾಯ ಬದಲಿಸಿದರು. ಅದರಿಂದ ಅರ್ಧ ಪುಟ ಹೆಚ್ಚಾಯಿತು, ನಾನು ಗೊಣಗಿದೆ. ನನಗೆ ನೆನಪಿರುವುದು ಅರ್ಧ ಪುಟವೇ.

"ಅವಳನ್ನ ವಾಪಸ್ ಮನೆಗೆ ಕರೆತಂದುಬಿಟ್ಟೆ ಕಣಯ್ಯಾ. ಬೀದಿಯಲ್ಲಿ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲ. ಸರಿಯೋ ತಪ್ಪೋ, ಓದಿದವರು ಒಬ್ಬರಾದರೂ ಹೇಳಬೇಕು." ಹೇಳುವಾಗ ಅವರ ದೃಷ್ಟಿ ನನ್ನ ಮೇಲಿತ್ತು. ನಾನು ಅಂಚು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಕೋಟಿನ ಜೇಬುಗಳೆರಡೂ ರೆಕ್ಕೆಯಂತೆ ಬಡಿದುಕೊಳ್ಳುತ್ತಿರಲು ಒಳಗೆ ನುಗ್ಗಿದರು. "ಬಿಡಿಸಿದ್ದಾರೆ ಕಣಯ್ಯಾ!"

"ಏನನ್ನ ಸರ್?"

"ಹಲ್ಲಿನ ಡಾಕ್ಟರ ಹತ್ರ ಇಟ್ಟು ಬಂದಿದ್ದೆನಲ್ಲ, ಮನೆ ಬಿಟ್ಟವಳದ್ದು. ಕೊನೆ ಮಡಿಕೆ ಪೂರ್ತಿ ಬಿಡಿಸಿದ್ದಾರೆ. ಅಂಚೆಲ್ಲ ಜೂಲುಜೂಲು. ತಡೆಯೋಕಾಗದೆ ಹರಿದಿರೋ ಕೈ ಅದು!"

"ಆಮೇಲೆ?" ಎಂದೆ, ಛೇಡಿಸಲು.

"ಆಮೇಲೇನು, ಆ ಕೈ ಯಾರದ್ದು ನೋಡಬೇಕು. ಹಲ್ಲಿನ ಕಾಯಿಲೆ ಒಂದೇ ಸಲಕ್ಕೆ ಮುಗಿಯೋದಲ್ಲ. ಬಂದೇ ಬರ್ತಾರೆ."

ಎರಡೂ ದವಡೆಗೆ ಕಟ್ಟಿಸಿದ ಹಲ್ಲಿದ್ದ ಮನುಷ್ಯ ಅಂದಿನಿಂದ ಹಲ್ಲಿನ ವೈದ್ಯರ ಪಡಸಾಲೆಯಲ್ಲಿ ನಿತ್ಯದ ಗಿರಾಕಿಯಾದರು. ಬಾಗಿಲಿಗೆದುರಾದ ಕುರ್ಚಿಯಲ್ಲಿ ಕುಳಿತು, ಬಂದವರ ಕೈಬೆರಳುಗಳನ್ನೇ ನೋಡುತ್ತ, ಪಕ್ಕದವರನ್ನು "ಓದೋ ಅಭ್ಯಾಸ ಉಂಟೇ?" ಎಂದು ಮೃದುವಾಗಿ ವಿಚಾರಿಸುವರು. ಬಾಯಲ್ಲಿ ಹತ್ತಿ ತುರುಕಿಕೊಂಡವರು ತಲೆಯಾಡಿಸುವರು. ಅದು ಹೌದೋ ಅಲ್ಲವೋ ತಿಳಿಯದೆ ಸಂಜೆಗೆ ಪ್ರೆಸ್ಸಿಗೆ ಬಂದು ನನ್ನೆದುರು ಚರ್ಚಿಸುವರು. ದಿನೇ ದಿನೇ ಕೋಟು ದೊಡ್ಡದಾಗುತ್ತ ಬಂತು, ಒಳಗಿನವರು ಚಿಕ್ಕವರಾದರು. ಮಳೆಗಾಲದ ಒಂದು ನೆಗಡಿ ಎದೆಗಿಳಿದು, ಹೆಚ್ಚು ಸದ್ದಿಲ್ಲದೆ, ಹೋಗಿಬಿಟ್ಟರು. ನೋಡಲು ಹೋದಾಗ ತಂಗಿ ಕಟ್ಟುಗಳ ನಡುವೆ ಕುಳಿತಿದ್ದರು. "ಮಂಚ ಖಾಲಿ ಆಯ್ತು ನೋಡಪ್ಪ. ಆದ್ರೂ ಜಾಗ ಇಲ್ಲ" ಎಂದರು. ಆ ಸಲ ಒಳಗಿನಿಂದ ಯಾರೂ ಏನೂ ಕೇಳಲಿಲ್ಲ.

ಆಮೇಲೆ ನನ್ನ ದವಡೆ ಹಲ್ಲು ಕೈಕೊಟ್ಟಿತು. ಅದೇ ವೈದ್ಯರಲ್ಲಿಗೆ ಹೋದೆ. ಧೈರ್ಯ ಸಾಲದೆ ಇಬ್ಬರಿಗೆ ಸರದಿ ಬಿಟ್ಟುಕೊಟ್ಟು, ಮೇಜಿನ ಮೇಲಿದ್ದ ಆ ಪುಸ್ತಕವನ್ನು ಎತ್ತಿಕೊಂಡೆ. ನನಗರಿವಿಲ್ಲದೆ ಹೆಬ್ಬೆರಳು ಹಿಂಬದಿಗೆ ಹೋಯಿತು.

"ಅದು ನಾನೇ ಹರಿದಿದ್ದು ಸರ್." ಸರದಿ ಕೂಗುವ, ಕೌಂಟರಿನ ಹಿಂದಿನ ಹೆಂಗಸು ಸಂಕೋಚದಿಂದ ನಕ್ಕರು. "ಬಾಚಣಿಗೆಯಿಂದ. ಅಂಟಿಕೊಂಡಿತ್ತು, ಕಾಯೋಕಾಗಲಿಲ್ಲ."

ನನ್ನ ಹಲ್ಲುನೋವು ಎತ್ತಲೋ ಹೋಯಿತು. "ಕೊನೆ ಹೇಗಿದೆ?" ಎಂದೆ, ಆ ಪುಟಗಳನ್ನು ಜೋಡಿಸಿದವನೇ ನಾನು.

"ತಪ್ಪು ಸರ್. ಅವಳು ವಾಪಸ್ ಬರಬಾರದಿತ್ತು. ಅಷ್ಟೆಲ್ಲ ದಾಟಿ ಬಂದವಳು ಅದೇ ಬಾಗಿಲು ಯಾಕೆ ತಟ್ತಾಳೆ? ಬರೆದ ಅಮ್ಮ ಎದುರಿಗೆ ಸಿಕ್ಕಿದ್ರೆ ಜಗಳಾನೇ ಆಡ್ತಿದ್ದೆ."

"ಆಮೇಲೆ?" ಎಂದೆ. ಈ ಸಲ ಅದು ಛೇಡನೆಯಾಗಿರಲಿಲ್ಲ.

"ಆಮೇಲೇನು, ಮತ್ತೆ ಮೊದಲಿಂದ ಓದಿದೆ."

ನಾನು ಬಾಗಿಲೆದುರಿನ ಕುರ್ಚಿಯತ್ತ ಕೈ ತೋರಿಸಿ, ಬರೆದವರು ಯಾರೆಂದೂ ಈಗ ಅವರಿಲ್ಲವೆಂದೂ ಹೇಳಿದೆ.

"ಕೋಟಿನ ತಾತನಾ? ಹಲ್ಲೇ ಇಲ್ವಲ್ಲ, ಯಾಕೆ ಬರ್ತೀರಿ ಅಂತ ನಾನೇ ರೇಗಿಸ್ತಿದ್ದೆ. ಬರೋರೊಬ್ಬರಿದ್ದಾರೆ ಅಮ್ಮ ಅಂತಿದ್ರು. ಮಗನೋ ಮಗಳೋ ಅಂದ್ಕೊಂಡೆ. ಎಲ್ಲರನ್ನೂ ಕೇಳ್ತಿದ್ರಲ್ಲ ಸರ್, ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಎಂದು, ಕಣ್ಣೊರೆಸಿಕೊಂಡು, ಮುಂದಿನ ಸರದಿ ಕೂಗಿದರು. ಅದು ನನ್ನದಾಗಿತ್ತು.

ತಮ್ಮ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿ ತಾವೇ ಹೊತ್ತು ತಿರುಗುವ ಈ ಜನರದು ಕೀರ್ತಿಯ ಚಪಲವೆಂದು ನಗುವವರಿದ್ದಾರೆ, ನಾನೂ ನಕ್ಕವನೇ. ಅವರಿಗೆ ಬೇಕಾದದ್ದು ಕೊನೆಯವರೆಗೆ ಬಂದು ಜಗಳವಾಡುವ ಒಂದು ಜೀವ, ಅಷ್ಟೇ. ಅದು ಎಲ್ಲಿಂದಲೋ ಬಾಗಿಲು ತೆರೆದು ಬರುತ್ತದೆಂದು ಬಾಗಿಲನ್ನೇ ನೋಡುತ್ತ ಕೂರುತ್ತಾರೆ. ಪಕ್ಕದಲ್ಲಿ ಕುಳಿತು ಇಷ್ಟು ದಿನವೂ ತಮ್ಮನ್ನೇ ನೋಡುತ್ತಿದ್ದವರು ಅವರಿಗೆ ಕಾಣುವುದಿಲ್ಲ. ಹೀಗೆ ಬರೆದವರು ಒಂದು ಕುರ್ಚಿಯಲ್ಲಿ, ಓದಿದವರು ಇನ್ನೊಂದರಲ್ಲಿ ಮುದುಕರಾಗುತ್ತಾರೆ. ನಡುವೆ ಮೇಜಿನ ಮೇಲೆ ಪುಸ್ತಕ ಧೂಳು ಹಿಡಿಯುತ್ತಿರುತ್ತದೆ, ಅಂಚು ಮಾತ್ರ ಚೆನ್ನಾಗಿ ಬಂದಿರುತ್ತದೆ.